‘ಇಲ್ಲ’ ಅನ್ನಲು ಕಲಿತ ಬದಲಿ

ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ನಮ್ಮ ಇಡೀ ಓಣಿಗೆ ಸುಳ್ಳು ಹೇಳಿದೆ. ಬೇಕೆಂದು ಹೇಳಿದ್ದಲ್ಲ. ಆ ಹೊತ್ತಿಗೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ, ಕಾಳಿನ ಅಂಗಡಿಯೊಂದರ ಮಹಡಿಯ ಮೇಲಿರುವ ನಮ್ಮ ಎರಡು ಕೋಣೆಯ ಆಫೀಸಿನಲ್ಲಿ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದೆ. ಬಸ್ಸಿನಲ್ಲಿ ಒಂದು ಗಂಟೆ ದೂರದ ಕೊಟ್ಟೂರಿನಲ್ಲಿ ನಮ್ಮ ಓಣಿಯ ಹದಿನಾಲ್ಕು ಮನೆಗಳ ಫೋನಿಗೆ ಒಟ್ಟಿಗೆ ಒಂದು ಮೆಸೇಜ್ ಹೋಯಿತು: ‘ಅರ್ಧ ಗಂಟೆಯಲ್ಲಿ ನಿಮ್ಮ ಓಣಿಗೆ ನೀರು ಬರುತ್ತದೆ.’

ನೀರು ಬರಲಿಲ್ಲ. ಅದು ನೀರು ಬರುವ ದಿನವೂ ಆಗಿರಲಿಲ್ಲ.

ನಮ್ಮ ಕಡೆ ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ ಎಂದು ಹೇಳುವ ಅಗತ್ಯವಿಲ್ಲ. ಐದು ದಿನಕ್ಕೊಮ್ಮೆ, ಕೆಲವು ಸಲ ಆರು ದಿನಕ್ಕೊಮ್ಮೆ, ಒಂದೂವರೆ ಗಂಟೆ ಬರುತ್ತದೆ. ಬೆಳಿಗ್ಗೆ ಬರುತ್ತದೋ ಮಧ್ಯಾಹ್ನವೋ ಎಂಬುದು ನೀರಗಂಟಿಗೆ, ಅಂದರೆ ಓಣಿಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಮನುಷ್ಯನಿಗೆ, ಮಾತ್ರ ಗೊತ್ತು. ಹೀಗಾಗಿ ನೀರಿನ ದಿನ ಎಂದರೆ ಮನೆಗೊಬ್ಬರು ಕೆಲಸ ಬಿಟ್ಟು ನಲ್ಲಿ ಕಾಯುವ ದಿನ. ಕಾಯುವವರು ಯಾವಾಗಲೂ ಹೆಂಗಸರೇ. ನಮ್ಮ ಆಫೀಸಿನಲ್ಲಿ ನಾವು ಮೂವರು ಸೇರಿ ಇದಕ್ಕೊಂದು ಪ್ರೋಗ್ರಾಂ ಬರೆದಿದ್ದೆವು. ನೀರಗಂಟಿ ಒಂದು ಓಣಿಯ ಕಡೆ ಹೊರಡುವಾಗ ತನ್ನ ಫೋನಿನಲ್ಲಿ ಆ ಓಣಿಯ ಗುಂಡಿ ಒತ್ತಿದರೆ ಸಾಕು, ಅಲ್ಲಿನ ಎಲ್ಲ ಮನೆಗೂ ಅರ್ಧ ಗಂಟೆ ಮೊದಲೇ ಸುದ್ದಿ ಹೋಗುತ್ತದೆ. ಮೊದಲ ಪ್ರಯೋಗಕ್ಕೆ ನಾನು ನಮ್ಮ ಓಣಿಯನ್ನೇ ಕೊಟ್ಟಿದ್ದೆ. ಹೆಮ್ಮೆಗೆ, ಇನ್ನೇನು.

ಆ ಬುಧವಾರ ನಾನು ಮಾಡುತ್ತಿದ್ದದ್ದು ಟೆಸ್ಟ್. ನಾವು ಬರೆದ ಪ್ರೋಗ್ರಾಮಿನ ಒಂದೊಂದು ಚೂರನ್ನೂ ಬೇರೆಯಾಗಿ ಓಡಿಸಿ, ಹೇಳಿದ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವ ಕೆಲಸ. ಆದರೆ ಮೆಸೇಜ್ ಕಳಿಸುವ ಚೂರು, ಅಂದರೆ ಫಂಕ್ಷನ್, ನಾವು ಬರೆದದ್ದಲ್ಲ. ಅದು ಯಾರೋ ದೂರದವರು ಎಲ್ಲರೂ ಬಳಸಲೆಂದು ಬರೆದಿಟ್ಟ ಸಿದ್ಧ ಪ್ರೋಗ್ರಾಮಿನ ಕಟ್ಟು, ಅಂದರೆ ಲೈಬ್ರರಿಯೊಳಗಿನದು. ನಾವು ಅದಕ್ಕೆ ನಂಬರು ಮತ್ತು ಮಾತು ಕೊಟ್ಟರೆ ಅದು ಕಳಿಸಿ, ‘ಕಳಿಸಿದೆ’ ಎಂದು ಉತ್ತರ ಕೊಡುತ್ತದೆ. ಟೆಸ್ಟ್ ಮಾಡುವಾಗ ಅದನ್ನು ನಿಜವಾಗಿ ಕರೆಯಬಾರದು. ಅದರ ಜಾಗದಲ್ಲಿ ಅದೇ ಹೆಸರಿನ, ಕೆಲಸ ಮಾಡುವಂತೆ ನಟಿಸುವ ಒಂದು ಪುಟ್ಟ ಫಂಕ್ಷನನ್ನು ಕೂರಿಸಬೇಕು. ಅದು ಯಾರಿಗೂ ಏನೂ ಕಳಿಸುವುದಿಲ್ಲ. ‘ನನ್ನನ್ನು ಇಷ್ಟು ಸಲ ಕರೆದರು, ಈ ನಂಬರು ಕೊಟ್ಟರು’ ಎಂದು ಬರೆದಿಟ್ಟುಕೊಳ್ಳುತ್ತದೆ ಅಷ್ಟೆ. ಕಸುಬಿನವರು ಇದನ್ನು ಮಾಕ್ ಅನ್ನುತ್ತಾರೆ. ನಾನು ಬದಲಿ ಅನ್ನುತ್ತೇನೆ.

ಬದಲಿಯನ್ನು ನಾನು ಕೂರಿಸಿದ್ದೆ. ಕೂರಿಸಿದ್ದೇನೆ ಎಂದು ತಿಳಿದಿದ್ದೆ. ಟೆಸ್ಟಿಗೆ ಕೊಡಲು ಸುಳ್ಳು ನಂಬರು ಹುಡುಕುವ ಸೋಮಾರಿತನಕ್ಕೆ, ಕೈಗೆ ಸಿಕ್ಕ ನಮ್ಮ ಓಣಿಯ ಪಟ್ಟಿಯನ್ನೇ ಹಾಕಿದ್ದೆ. ನಮ್ಮವರೇ ತಾನೆ, ಹೇಗೂ ಹೋಗುವುದಿಲ್ಲವಲ್ಲ ಎಂದುಕೊಂಡೆ. ಅದು ಹೋಯಿತು.

ಸಂಜೆ ಬಸ್ಸಿಳಿದು ಓಣಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತವರು ನನ್ನನ್ನು ನೋಡಿ ನಕ್ಕರು. ಮಶೀನಿನಲ್ಲಿ ಬಟ್ಟೆ ಹೊಲಿಯುವವಳು ಕೇಳಿದಳು, “ಏನವ್ವಾ, ನಿನ್ನ ಕಂಪ್ಯೂಟರಿಗೆ ನೀರಡಿಕಿ ಆಗಿತ್ತೇನು?” ನಾನೂ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಪಕ್ಕದ ಮನೆಯ ಅಕ್ಕ ನಗಲಿಲ್ಲ. ಅವಳು ನನಗೆ ರಕ್ತಸಂಬಂಧಿಯಲ್ಲ, ಆದರೆ ನಾನು ನಡೆಯಲು ಕಲಿತದ್ದು ಅವಳ ಅಂಗಳದಲ್ಲಿ ಎಂದು ನನ್ನ ತಾಯಿ, ಅಮ್ಮಿ, ಹೇಳುತ್ತಾಳೆ. ಅಕ್ಕನ ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಹರಪನಹಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ. ಮನೆಯಲ್ಲಿ ನೀರು ಹಿಡಿಯಲು ಅಕ್ಕನನ್ನು ಬಿಟ್ಟರೆ ಬೇರೆ ಜೀವವಿಲ್ಲ. ಆ ವರ್ಷ ಅವಳಿಗೆ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಮೊದಲ ಮೂರು ತಿಂಗಳು ನೋಡುತ್ತೇವೆ, ಸರಿಯಾಗಿ ನಡೆದುಕೊಂಡರೆ ಮುಂದುವರಿಸುತ್ತೇವೆ ಎಂದು ವಾರ್ಡನ್ ಹೇಳಿದ್ದರು. ನೀರಿನ ದಿನ ಮೊದಲೇ ತಿಳಿಸಿದರೆ ಒಂದು ಗಂಟೆ ಬಿಡಲು ಅವರು ಒಪ್ಪಿದ್ದೂ ನಮ್ಮ ಮೆಸೇಜ್ ನಂಬಿಕೊಂಡೇ.

ಆ ಬುಧವಾರ ವಾರ್ಡನ್ ಹೊರಗೆ ಹೋಗಿದ್ದರು. ಮೆಸೇಜ್ ನೋಡಿದ ಅಕ್ಕ, ಹೇಳಲು ಯಾರೂ ಸಿಗದೆ, ಅನ್ನಕ್ಕಿಟ್ಟ ದೊಡ್ಡ ಪಾತ್ರೆಯನ್ನು ಜೊತೆಯವಳಿಗೆ ನೋಡಿಕೋ ಎಂದು ಹೇಳಿ ಓಡಿ ಬಂದಳು. ಜೊತೆಯವಳು ಪಲ್ಯ ನೋಡುತ್ತಾ ಅನ್ನ ಮರೆತಳು. ಅಕ್ಕ ಒಣ ನಲ್ಲಿಯ ಮುಂದೆ ಮುಕ್ಕಾಲು ಗಂಟೆ ಕುಳಿತು ವಾಪಸ್ ಹೋದಾಗ, ತಳ ಹಿಡಿದ ಅನ್ನವನ್ನು ಸುರಿದು ಎರಡನೇ ಸಲ ಅಕ್ಕಿ ಹಾಕಿದ್ದರು, ಹುಡುಗಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು, ವಾರ್ಡನ್ ಬಂದಿದ್ದರು. ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದರು.

ಇದನ್ನೆಲ್ಲ ಅಕ್ಕ ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ಬರಲಿಲ್ಲ. ದನಿ ಏರಿಸಲೂ ಇಲ್ಲ.

“ನೀ ಕಳ್ಸಿದ್ದು ಅಂತ ಓಡಿ ಬಂದೆ ನಾನು. ಬ್ಯಾರೆ ಯಾರರ ಕಳ್ಸಿದ್ರ ಒಂದೀಟು ಇಚಾರ ಮಾಡ್ತಿದ್ದೆ.”

“ತಪ್ಪಾತಕ್ಕಾ. ಇನ್ನೊಮ್ಮಿ ಆಗಂಗಿಲ್ಲ.”

“ಅದೇನ್ ಆಗತೈತೋ ಬಿಡತೈತೋ ನಂಗ ತಿಳಿಯಂಗಿಲ್ಲವ್ವ. ನನ್ನ ನಂಬರ್ ತಗದ್ಬಿಡು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆ ಸಂಜೆ ಅದು ಬಂತು, ಆದರೆ ಯಾರ ಮೇಲೆ ತೋರಿಸುವುದು? ಅಕ್ಕನ ಹೆಸರನ್ನು ಪಟ್ಟಿಯಿಂದ ತೆಗೆದೆ. ತೆಗೆಯುವಾಗ ಅಳು ಬಂತು. ಅವಳ ಕೆಲಸ ಹೋದರೆ ಅದಕ್ಕೆ ನಾನೇ ಕಾರಣ, ಬೇರೆ ಯಾರೂ ಅಲ್ಲ.

ಮರುದಿನ ಆಫೀಸಿನಲ್ಲಿ ನಮ್ಮ ಸರ್ ಮುಂದೆ ಕೂತೆ. ಆಫೀಸು ಕಟ್ಟಿದವರು ಅವರೇ, ಹರಪನಹಳ್ಳಿಯವರು. ನೆತ್ತಿಯ ಮೇಲಿನ ಫ್ಯಾನು ಕಳಚಿ ಬಿದ್ದರೂ ‘ನೋಡೋಣ’ ಅನ್ನುವ ಜಾತಿ.

“ಬದಲಿ ಇಟ್ಟಿದ್ದೆ ಸಾರ್,” ಅಂದೆ. “ಇಟ್ರೂ ಹೋಗೈತಿ.”

“ಎಲ್ಲಿಟ್ಟಿದೀಯ, ತೋರ್ಸು.”

ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು. “ಲೈಬ್ರರಿ ಒಳಗಡೆ ಬದಲಾಯ್ಸಿದೀಯ. ನಮ್ಮ ಪ್ರೋಗ್ರಾಮು ಆ ಫಂಕ್ಷನ್ನ ಶುರುವಲ್ಲೇ ತಗಂಡು ತನ್ನ ಹತ್ರ ಇಟ್ಕಂಡೈತೆ. ಅದು ತನ್ನ ಹತ್ರ ಇರೋದನ್ನ ಕರೀತೈತೆ. ನೀನು ಅಲ್ಲಿ ಹೋಗಿ ಬದಲಾಯ್ಸಿದ್ರೆ ಇದಕ್ಕೆ ಹೆಂಗೆ ಗೊತ್ತಾಗ್ಬೇಕು?”

ತಕ್ಷಣ ನನಗೆ ನೆನಪಾದದ್ದು ನಮ್ಮ ಓಣಿಯ ಹಳೆಯ ನೀರಗಂಟಿ. ನಮ್ಮಲ್ಲಿ ಬೇಕಾದ ನಂಬರುಗಳನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯುವ ರೂಢಿ. ಹೊಸ ನಂಬರನ್ನು ಮೊದಲು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಕರೆದರೆ ಬರುವವರು, ಹೇಳಿದಂತೆ ನಡೆಯುವವರು ಎಂದು ಖಾತ್ರಿಯಾದ ಮೇಲೆ, ಬಾಗಿಲಿಗೆ ಹಚ್ಚಿ ಉಳಿದ ಪೇಂಟಿನಲ್ಲಿ ತಿದ್ದುತ್ತಾರೆ. ಹಳೆಯ ನೀರಗಂಟಿಯ ನಂಬರು ಎಲ್ಲರ ಗೋಡೆಯ ಮೇಲೂ ಪೇಂಟಿನಲ್ಲಿತ್ತು. ಅವನು ನಿವೃತ್ತನಾಗಿ ಹೊಸಬ ಬಂದಾಗ ನೀರಿನ ಕಚೇರಿಯವರು ತಮ್ಮಲ್ಲಿ ಹೆಸರು ಬದಲಿಸಿಕೊಂಡರು, ಅಲ್ಲಿ ಎಲ್ಲ ಸರಿಯಾಗೇ ಇತ್ತು. ಆದರೆ ಹೆಂಗಸರು ಫೋನ್ ಮಾಡುವುದು ಗೋಡೆ ನೋಡಿ. ಎರಡು ತಿಂಗಳು ಆ ಮುದುಕ ಮಧ್ಯಾಹ್ನದ ನಿದ್ದೆಯಲ್ಲಿ ಬೈಗುಳ ತಿಂದ. ಕೊನೆಗೆ ತಾನೇ ಸೀಮೆಎಣ್ಣೆ ಬಟ್ಟೆ ಹಿಡಿದು ಬಂದು, ಮನೆಮನೆಯ ಗೋಡೆಯಿಂದ ತನ್ನ ನಂಬರನ್ನು ಉಜ್ಜಿ ಅಳಿಸಿ, ಹೊಸಬನದನ್ನು ಬರೆದು ಹೋದ. ಆಮೇಲೆ ಅವನಿಗೆ ನೆಮ್ಮದಿ.

ನಾನು ಮಾಡಿದ್ದೂ ಅದೇ. ಬದಲಿಯನ್ನು ಕಚೇರಿಯಲ್ಲಿ ಕೂರಿಸಿದ್ದೆ, ಪ್ರೋಗ್ರಾಂ ತನ್ನ ಗೋಡೆ ನೋಡಿ ಹಳಬನಿಗೇ ಫೋನ್ ಮಾಡಿತ್ತು. ಬದಲಾಯಿಸಬೇಕಾದದ್ದು ಗೋಡೆಯ ಮೇಲೆ, ಅಂದರೆ ನಮ್ಮ ಪ್ರೋಗ್ರಾಂ ಆ ಫಂಕ್ಷನನ್ನು ಎಲ್ಲಿಂದ ಕರೆಯುತ್ತದೋ ಆ ಜಾಗದಲ್ಲಿ. ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಟೆಸ್ಟಿನಿಂದ ಓಣಿಯ ನಂಬರುಗಳನ್ನು ಕಿತ್ತು ಹಾಕಿ ಬರೀ ಸೊನ್ನೆಗಳನ್ನು ಹಾಕಿದೆ. ಲೈಬ್ರರಿಯನ್ನು ಬೈಯಬೇಕೆನಿಸಿತ್ತು, ಆದರೆ ಅದರದ್ದೇನೂ ತಪ್ಪಿರಲಿಲ್ಲ. ಅದು ಕೇಳಿದ ಕೆಲಸ ಮಾಡಿತ್ತು.

ಆ ವಾರ ಕೂತು ಟೆಸ್ಟ್ ಬರೆದೆ, ನಲವತ್ತರ ಹತ್ತಿರ. ಒಂದೂ ಮೆಸೇಜ್ ಹೊರಗೆ ಹೋಗಲಿಲ್ಲ. ಪರದೆಯ ಮೇಲೆ ಎಲ್ಲ ಹಸಿರು, ಅಂದರೆ ಎಲ್ಲವೂ ಪಾಸು. ನಾನು ಕಳೆದುಕೊಂಡ ಮಾನದಲ್ಲಿ ಅರ್ಧ ವಾಪಸ್ ಬಂದಂತೆ ಅನಿಸಿತು.

ಆದರೆ ಅದೇ ವಾರ ನೀರು ಬಂದ ದಿನ ಅಕ್ಕನ ಮನೆಗೆ ಬೀಗವಿತ್ತು. ಬೀಗ ಹಾಕಿದ ಮನೆಯವರು ಹೊಸ್ತಿಲ ಹೊರಗೆ ಕೊಡ ಇಟ್ಟು ಹೋದರೆ, ಅಕ್ಕಪಕ್ಕದವರು ತಮ್ಮದು ತುಂಬಿದ ಮೇಲೆ ತುಂಬಿಕೊಡುವುದು ನಮ್ಮ ಓಣಿಯ ಪದ್ಧತಿ. ಅಮ್ಮಿ ಅಕ್ಕನ ಮೂರು ಕೊಡ ತುಂಬಿದಳು. ಒಳಗಿನ ದೊಡ್ಡ ಡ್ರಮ್ಮು ಖಾಲಿ ಉಳಿಯಿತು. ಮೂರು ಕೊಡದಲ್ಲಿ ಐದು ದಿನ ಯಾರು ಬದುಕುತ್ತಾರೆ? ಅಕ್ಕ ಹಾಸ್ಟೆಲಿನಿಂದ ಬಂದ ಮೇಲೆ ದಿನಾ ಸಂಜೆ ಓಣಿಯ ತುದಿಯ ಬೋರ್‌ವೆಲ್ ಟ್ಯಾಂಕಿನಿಂದ ಸೊಂಟದ ಮೇಲೆ ಹೊತ್ತು ತರುತ್ತಿದ್ದಳು. ದಿನವಿಡೀ ಒಲೆಯ ಮುಂದೆ ನಿಂತು ಬಂದ ಹೆಂಗಸು. ಒಂದು ಸಂಜೆ ನಾನೂ ಕೊಡ ತೆಗೆದುಕೊಂಡು ಅವಳ ಹಿಂದೆ ಹೊರಟೆ. ಅವಳು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಾಲ್ಕು ಸಲ ಹೋಗಿ ಬಂದೆವು. ಕಂಪ್ಯೂಟರಿನ ಮುಂದೆ ಕೂತು ಕೂತು ನನ್ನ ಸೊಂಟ ಕೆಲಸಕ್ಕೆ ಬಾರದಂತಾಗಿದೆ ಎಂದು ಅವತ್ತು ಗೊತ್ತಾಯಿತು. ನಾಲ್ಕನೇ ಸಲ ಅಕ್ಕ ಇಷ್ಟೇ ಹೇಳಿದಳು, “ಸಾಕು ಹೋಗು, ನಾಳಿ ಬಸ್ಸಿಗೆ ಏಳಾಕ ಆಗಂಗಿಲ್ಲ ನಿಂಗ.”

ಭಾನುವಾರ ಅಬ್ಬಾನ ಅಂಗಡಿಗೆ ಹೋದೆ. ಅಬ್ಬಾ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಾರೆ, ಪಂಪಿನ ಸ್ಟಾರ್ಟರ್ ಪೆಟ್ಟಿಗೆ ರಿಪೇರಿ ಮಾಡುತ್ತಾರೆ. ತಂಬ್ರಹಳ್ಳಿ ಕಡೆಯವರೂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಆದರೆ ಕಸುಬಿನ ಮಾತು ಬಂದ ಕೂಡಲೇ ಅಬ್ಬಾ ಕನ್ನಡಕ್ಕೆ ಬರುತ್ತಾರೆ, ಯಾಕೆಂದರೆ ಅವರು ಕಸುಬು ಕಲಿತದ್ದು ಹಿರೇಹಡಗಲಿಯ ಒಬ್ಬ ಮೇಸ್ತ್ರಿಯ ಹತ್ತಿರ. ಕನ್ನಡದಲ್ಲಿ ಬೈಸಿಕೊಂಡೇ ಕಲಿತದ್ದು, ಉರ್ದುವಿನಲ್ಲಿ ಹೇಳಿದರೆ ತಂತಿಗೆ ತಿಳಿಯುವುದಿಲ್ಲ ಅನ್ನುತ್ತಾರೆ.

ಅವತ್ತು ಮೇಜಿನ ಮೇಲೆ ಒಂದು ಸ್ಟಾರ್ಟರ್ ಪೆಟ್ಟಿಗೆ ಇತ್ತು. ಅದಕ್ಕೆ ಮೋಟಾರು ಸಿಕ್ಕಿಸಿರಲಿಲ್ಲ. ಮೋಟಾರಿನ ಜಾಗದಲ್ಲಿ ಹಲಗೆಯೊಂದಕ್ಕೆ ಬಿಗಿದ ಮೂರು ಬಲ್ಬುಗಳಿದ್ದವು. ಹುಟ್ಟಿದಾಗಿನಿಂದ ನೋಡಿದ ಹಲಗೆ ಅದು. ಅವತ್ತು ಅದರ ಮುಂದೆ ನಿಂತು ಬಿಟ್ಟೆ.

“ಅಬ್ಬಾ, ಇದು ಮೋಟಾರಿನ ಬದಲಿ ಅಲ್ಲ?”

“ಹ್ಞೂಂ ಮತ್ತ. ಪೆಟಗಿ ರಿಪೇರಿ ಆಗೈತೋ ಇಲ್ಲೋ ನೋಡಾಕ ರೈತನ ಮೋಟಾರ್ ಸುಡ್ಲೇನು?”

ನನಗೆ ಖುಷಿಯಾಯಿತು. ನಾನೂ ಅದನ್ನೇ ಮಾಡಿರುವುದು ಎಂದು ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಲೈಬ್ರರಿ, ಅದರ ಜಾಗದಲ್ಲಿ ಕೂತ ಬದಲಿ, ನಲವತ್ತು ಹಸಿರು. ಅಬ್ಬಾ ತಂತಿಯ ತುದಿ ಕೆರೆಯುತ್ತಾ ಕೇಳಿಸಿಕೊಂಡರು.

“ನಿನ್ನ ಬದಲಿ ಏನಂತತಿ?”

“‘ಕಳಿಸಿದೆ’ ಅಂತತಿ.”

“ಯಾವಾಗ್ಲೂ?”

“ಯಾವಾಗ್ಲೂ.”

“ಇಲ್ಲ ಅಂತ ಯಾವಾಗ ಅಂತತಿ?”

ನನಗೆ ರೇಗಿತು. ಬದಲಿ ಅಂದರೆ ಹಾಗೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಎಂದು ಬಾಯಿಗೆ ಬಂದಂತೆ ಹೇಳಿದೆ. ಅಬ್ಬಾ ಪೆಟ್ಟಿಗೆಯ ಗುಂಡಿ ಒತ್ತಿದರು, ಮೂರೂ ಬಲ್ಬು ಹತ್ತಿದವು. ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಮೇಲಿನ ಮೂರು ಫ್ಯೂಸುಗಳಲ್ಲಿ ಒಂದನ್ನು ಕಿತ್ತರು. ಒಂದು ಬಲ್ಬು ಕಪ್ಪಾಯಿತು. ಮರುಕ್ಷಣವೇ ಪೆಟ್ಟಿಗೆ ಟಕ್ ಎಂದು ತಾನೇ ಬಂದ್ ಆಯಿತು.

“ಈಗ ರಿಪೇರಿ ಆತು,” ಅಂದರು. “ಮೂರೂ ಹತ್ತಿದ್ದು ನೋಡಿ ಕೊಟ್ಟಿದ್ರ, ಹೊಲದಾಗ ಕರೆಂಟಿನ ಮೂರು ಲೈನಿನಾಗ ಒಂದು ಹೋದ ದಿನ ಮೋಟಾರ್ ಸುಡ್ತಿತ್ತು. ಕರೆಂಟ್ ಬಂದಾಗ ಎಲ್ಲಾ ಪೆಟಗಿನೂ ಛಲೋನಽ ಇರ್ತಾವ. ಹೋದಾಗ ಏನ್ ಮಾಡತೈತಿ ಅನ್ನೋದಽ ಅದರ ಕೆಲಸ.”

ನಾನು ಚಹಾ ಕುಡಿಯದೆ ಎದ್ದು ಮನೆಗೆ ಹೋದೆ. ಸಿಟ್ಟಿನಿಂದಲ್ಲ, ಲ್ಯಾಪ್‌ಟಾಪ್ ಮನೆಯಲ್ಲಿತ್ತು.

ಅವತ್ತು ಮಧ್ಯಾಹ್ನ ನನ್ನ ಬದಲಿಗೆ ‘ಇಲ್ಲ’ ಅನ್ನಲು ಕಲಿಸಿದೆ. ಒಂದು ಟೆಸ್ಟಿನಲ್ಲಿ ಅದು ‘ಈ ನಂಬರಿಗೆ ಹೋಗಲಿಲ್ಲ’ ಅನ್ನುತ್ತಿತ್ತು. ಇನ್ನೊಂದರಲ್ಲಿ ಹೂಂ ಊಹೂಂ ಯಾವುದೂ ಅನ್ನದೆ ಮುನಿಸಿಕೊಂಡ ಸೊಸೆಯಂತೆ ಸುಮ್ಮನಿರುತ್ತಿತ್ತು. ಮತ್ತೊಂದರಲ್ಲಿ ಮೊದಲ ಸಲ ಇಲ್ಲ ಎಂದು ಎರಡನೇ ಸಲ ಹೂಂ ಅನ್ನುತ್ತಿತ್ತು. ಓಡಿಸಿದೆ. ಪರದೆ ಕೆಂಪಾಯಿತು. ಬದಲಿ ಸುಮ್ಮನಿದ್ದಾಗ ನಮ್ಮ ಪ್ರೋಗ್ರಾಂ ಅದರ ಉತ್ತರಕ್ಕೆ ಕಾಯುತ್ತಾ ನಿಂತೇ ಬಿಡುತ್ತಿತ್ತು. ಪಟ್ಟಿಯಲ್ಲಿ ಆಮೇಲಿನ ಮನೆಗಳಿಗೆ ಸುದ್ದಿಯೇ ಇಲ್ಲ. ಬದಲಿ ‘ಇಲ್ಲ’ ಅಂದಾಗಲೋ, ಪ್ರೋಗ್ರಾಂ ಸರಿ ಬಿಡು ಎಂದು ಆ ಮನೆಯನ್ನು ಮರೆತು ಮುಂದೆ ಹೋಗುತ್ತಿತ್ತು. ಇದು ಬುಧವಾರದ ಸುಳ್ಳಿಗಿಂತ ದೊಡ್ಡ ತಪ್ಪು. ಬುಧವಾರದ್ದು ನನ್ನ ಕೈಯಿಂದ ಆದದ್ದು, ಇದು ಯಾರಿಗೂ ಕಾಣದಂತೆ ಒಳಗೆ ಕೂತು ಕಾಯುತ್ತಿತ್ತು.

ತಡೆಯದೆ ಮುಂದಿನ ಮನೆಗೆ ಹೋಗುವಂತೆ, ಆಗದಿದ್ದ ಮನೆಗೆ ಮತ್ತೆ ಬಂದು ನೋಡುವಂತೆ ತಿದ್ದಿದೆ. ಎರಡು ಸಲವೂ ಆಗದಿದ್ದರೆ? ಅಲ್ಲಿ ಕಂಪ್ಯೂಟರ್ ಮುಚ್ಚಿ ಓಣಿಗೆ ಇಳಿದೆ. ಕೈಯಲ್ಲಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಫೋನ್ ಸಿಗದಿದ್ದರೆ ನಿಮ್ಮ ಬದಲು ಯಾರಿಗೆ ಹೇಳಲಿ?

ಯಾರೂ ಯೋಚನೆ ಮಾಡಲಿಲ್ಲ, ಅದೇ ನನಗೆ ಆಶ್ಚರ್ಯ. ಮಶೀನು ಹೊಲಿಯುವವಳು ಎದುರು ಮನೆಯ ಮುದುಕಿಯ ನಂಬರು ಕೊಟ್ಟಳು. ಮುದುಕಿ ಮಶೀನಿನವಳದ್ದನ್ನು ಕೊಟ್ಟಳು. ಅವರಿಬ್ಬರಿಗೂ ನಾಲ್ಕು ತಿಂಗಳಿನಿಂದ ಮಾತಿಲ್ಲ. “ಮಾತು ಬ್ಯಾರೆ, ನೀರು ಬ್ಯಾರೆ,” ಅಂದಳು ಮುದುಕಿ. ಹದಿಮೂರು ಮನೆಗೆ ಹದಿಮೂರು ಬದಲಿ ಅರ್ಧ ಗಂಟೆಯಲ್ಲಿ ಸಿಕ್ಕವು. ಎಷ್ಟೋ ವರ್ಷದಿಂದ ಒಬ್ಬರ ಕೊಡ ಇನ್ನೊಬ್ಬರು ತುಂಬಿದ ಓಣಿ ಇದು. ನಾನು ಹೊಸದಾಗಿ ಏನೂ ಮಾಡಲಿಲ್ಲ, ಇದ್ದದ್ದನ್ನು ಬರೆದುಕೊಂಡೆ.

ಹದಿನಾಲ್ಕನೆಯದು ಅಕ್ಕನ ಮನೆ. ಬಾಗಿಲಲ್ಲಿ ನಿಂತು ಕರೆದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ನಾನು ಹೇಳಬೇಕಾದದ್ದೆಲ್ಲ ಹೇಳಿದೆ, ಬಲ್ಬಿನ ಕತೆಯನ್ನೂ ಸೇರಿಸಿ. ಕಾಳು ಬಿಡಿಸುವುದು ನಿಲ್ಲಲಿಲ್ಲ.

“ಹಾಸ್ಟೆಲಿನ ಅಡಗಿಮನ್ಯಾಗ ನನ್ನ ಫೋನಿಗೆ ಒಮ್ಮೊಮ್ಮಿ ಸಿಗ್ನಲ್ಲಽ ಇರಂಗಿಲ್ಲ,” ಅಂದಳು. “ಅದಕ್ಕೇನ್ ಮಾಡ್ತಿ?”

“ಅದಕ್ಕಽ ಕೇಳಾಕ ಬಂದೀನಿ. ನಿನ್ನ ಬದ್ಲಿ ಯಾರಿಗೆ ಹೇಳ್ಲಿ?”

ಅಕ್ಕ ಮೊದಲ ಸಲ ತಲೆ ಎತ್ತಿದಳು. “ನಿನಗಽ. ಮೊದ್ಲು ನೀ ಕೇಳು, ಖರೇವೋ ಸುಳ್ಳೋ ನೋಡು. ಆಮ್ಯಾಲ ಮನಷ್ಯಾರು ಯಾರರ ಬಂದು ಹೇಳ್ರಿ. ಬರೇ ಫೋನ್ ನೋಡಿ ನಾ ಇನ್ನ ಒಲಿ ಬಿಟ್ಟು ಏಳಂಗಿಲ್ಲ.”

ಅವಳ ನಂಬರನ್ನು ಮತ್ತೆ ಪಟ್ಟಿಗೆ ಹಾಕಿದೆ. ಎದುರಿಗೆ ನನ್ನದನ್ನು ಬರೆದೆ. ಅವಳ ಮೂರು ತಿಂಗಳು ಮುಗಿಯಲು ಆಗ ಇನ್ನೂ ಹದಿನೆಂಟು ದಿನ ಉಳಿದಿತ್ತು.

ಆಮೇಲಿನ ಎರಡು ಸಲ ನೀರು ಬಂದದ್ದು ಅವಳು ಹಾಸ್ಟೆಲಿಗೆ ಹೊರಡುವ ಮೊದಲೇ. ಮೂರನೆಯ ಸಲ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ನಾನು ಆಫೀಸಿನಲ್ಲಿದ್ದಾಗ, ನನ್ನ ಫೋನಿಗೆ ಮೆಸೇಜ್ ಬಂತು: ‘ನಿಮ್ಮ ಪಕ್ಕದ ಮನೆಗೆ ಎರಡು ಸಲ ಪ್ರಯತ್ನಿಸಿದರೂ ತಲುಪಲಿಲ್ಲ. ಅರ್ಧ ಗಂಟೆಯಲ್ಲಿ ನೀರು ಬರುತ್ತದೆ. ದಯವಿಟ್ಟು ತಿಳಿಸಿ.’ ಆ ವಾಕ್ಯವನ್ನು ಬರೆದವಳು ನಾನೇ. ಟೆಸ್ಟಿನಲ್ಲಿ ಅದನ್ನು ನೂರು ಸಲವಾದರೂ ನೋಡಿದ್ದೆ. ಆದರೂ ಎರಡು ಸಲ ಓದಿದೆ. ದೂರದವರು ಬರೆದ ಆ ಲೈಬ್ರರಿ ಮೊದಲ ಸಲ ನಿಜವಾಗಿ ‘ಇಲ್ಲ’ ಅಂದಿತ್ತು. ನಮ್ಮ ಪ್ರೋಗ್ರಾಂ ಗಾಬರಿಯಾಗಲಿಲ್ಲ. ಅದಕ್ಕೆ ಆ ಮಾತು ಹೊಸದಲ್ಲ.

ಮೊದಲು ನೀರಗಂಟಿಗೆ ಫೋನ್ ಮಾಡಿದೆ. “ಖರೇನಽ ಹೊಂಟೀನಿ, ದಾರ್ಯಾಗದೀನಿ,” ಅಂದ. ಆಮೇಲೆ ಅಬ್ಬಾಗೆ. ಅಬ್ಬಾ ಸುತ್ತುತ್ತಿರುವ ಮೋಟಾರನ್ನು ಮಧ್ಯದಲ್ಲಿ ಬಿಟ್ಟು ಏಳುವವರಲ್ಲ, ಸುತ್ತಿನ ಎಣಿಕೆ ತಪ್ಪುತ್ತದೆ. ಅವತ್ತು ಎಣಿಕೆಯನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟು, ಮೊಪೆಡ್ ಹತ್ತಿ ಹಾಸ್ಟೆಲಿನ ಗೇಟಿಗೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಅಕ್ಕ ಸೌಟು ಹಿಡಿದೇ ಹೊರಗೆ ಬಂದಳಂತೆ.

“ಖರೇನ ಭಾಯಿ?”

“ನಮ್ಮ ಹುಡುಗಿ ನೀರಗಂಟಿನ್ನ ಕೇಳಿ ಹೇಳ್ಯಾಳ. ಸುಳ್ಳಾದ್ರ ನಿನ್ನ ಡ್ರಮ್ ನಾನಽ ಹೊತ್ತು ತುಂಬ್ತೀನಿ ಬಿಡು.”

ಅಕ್ಕ ಸೌಟು ಇಟ್ಟು, ಉರಿ ಆರಿಸಿ, ವಾರ್ಡನ್ ಕೋಣೆಗೆ ಹೋಗಿ ಕೇಳಿದಳು. ಅವರು ಗಡಿಯಾರ ನೋಡಿ, ಒಂದು ಗಂಟೆ, ಅಂದರು. ಅಬ್ಬಾ ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟು ಅಂಗಡಿಗೆ ಹೋದರು.

ಇತ್ತ ಆಫೀಸಿನಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ನೀರಗಂಟಿ ದಾರಿಯಲ್ಲಿ ಯಾರಾದರೂ ಸಿಕ್ಕರೆಂದು ನಿಂತರೆ? ವಾಲ್ವ್ ಕೈಕೊಟ್ಟರೆ? ಸರ್ ನನ್ನ ಮುಂದೆ ಚಹಾ ಇಟ್ಟು, “ನಿನ್ನ ಕೈಲಿ ಇರೋದು ಮುಗೀತು, ಇನ್ನು ಅದು ಬರ್ತೈತೆ,” ಅಂದರು. ಅವರ ಸಮಾಧಾನ ನೋಡಿ ಇನ್ನಷ್ಟು ರೇಗಿತು. ಹನ್ನೊಂದೂ ಐದಕ್ಕೆ ಫೋನ್ ಬಂತು. ಅಕ್ಕನದು.

“ಅಕ್ಕಾ?” ಅಂದೆ. ಆ ಕಡೆಯಿಂದ ಮಾತಿಲ್ಲ. ಮೊದಲು ಏನೋ ಗಾಳಿಯ ಸದ್ದು ಎಂದುಕೊಂಡೆ. ಆಮೇಲೆ ತಿಳಿಯಿತು. ಖಾಲಿ ಡ್ರಮ್ಮಿನ ತಳಕ್ಕೆ ನೀರು ಬೀಳುವ ಸದ್ದು. ಅವಳು ಫೋನನ್ನು ನಲ್ಲಿಯ ಹತ್ತಿರ ಹಿಡಿದಿದ್ದಳು. ನಾನು ಅದನ್ನು ಸರ್ ಕಿವಿಗೂ ಹಿಡಿದೆ. ಅವರು ಕೇಳಿ, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. ಅಕ್ಕ ಹನ್ನೆರಡಾಗುವ ಮೊದಲೇ ವಾಪಸ್ ಹಾಸ್ಟೆಲಿನಲ್ಲಿದ್ದಳು. ಅವತ್ತು ಅನ್ನ ತಳ ಹಿಡಿಯಲಿಲ್ಲ.

ಈಗ ಆಫೀಸಿಗೆ ಹೊಸಬರು ಬಂದರೆ ಟೆಸ್ಟ್ ಬರೆಯುವುದನ್ನು ನಾನೇ ಹೇಳಿಕೊಡುತ್ತೇನೆ. ಹೊರಗಿನವರ ಫಂಕ್ಷನ್ನಿನ ಜಾಗದಲ್ಲಿ ಬದಲಿ ಕೂರಿಸುವುದು ಹೊರಗಿನವರನ್ನು ಪರೀಕ್ಷಿಸಲಿಕ್ಕೆ ಅಲ್ಲ. ಅವರು ಯಾವತ್ತು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಅವರು ಕೈಬಿಟ್ಟ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂದು ನೋಡಿಕೊಳ್ಳುವುದಕ್ಕೆ. ಬದಲಿ ಬರೆದು ತಂದು ತೋರಿಸಿದವರಿಗೆ ನಾನು ಮೊದಲು ಕೇಳುವುದು ಅಬ್ಬಾ ಕೇಳಿದ ಪ್ರಶ್ನೆಯನ್ನೇ. ಕೆಲವರಿಗೆ ರೇಗುತ್ತದೆ. ರೇಗಲಿ, ನನಗೂ ರೇಗಿತ್ತು.

ಅಕ್ಕನ ಮೂರು ತಿಂಗಳು ಮುಗಿದ ಮೇಲಿನ ಭಾನುವಾರ ನಾನು ನಮ್ಮ ಕಟ್ಟೆಯ ಮೇಲೆ ತಲೆ ಒಣಗಿಸಿಕೊಳ್ಳುತ್ತಾ ಕೂತಿದ್ದೆ. ಅವಳನ್ನು ಕೆಲಸದಲ್ಲಿ ಮುಂದುವರಿಸಿದ್ದಾರೆ ಎಂದು ಶನಿವಾರವೇ ಅಮ್ಮಿಗೆ ಹೇಳಿದ್ದಳಂತೆ. ನನಗೆ ಅವಳು ಹೇಳಿರಲಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆಗ ಅಕ್ಕ ಒಳಗಿನಿಂದ ಒಂದು ಡಬ್ಬಿ ತಂದು ತನ್ನ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಗೋಡೆಯ ಮೇಲೆ ಹೊಸ ನೀರಗಂಟಿಯ ನಂಬರಿನ ಕೆಳಗಿನ ಜಾಗವನ್ನು ಸೆರಗಿನಿಂದ ಒರೆಸಿದಳು.

“ನಿನ್ನ ನಂಬರ್ ಹೇಳು,” ಅಂದಳು.

“ನಿನ್ನ ಫೋನಿನ್ಯಾಗ ಐತಲ್ಲಕ್ಕಾ.”

“ಫೋನಿಗೆ ಸಿಗ್ನಲ್ ಇರಂಗಿಲ್ಲ. ಹೇಳು.”

ಒಂದೊಂದೇ ಅಂಕಿ ಹೇಳಿದೆ. ಅವಳು ನಿಧಾನವಾಗಿ, ಒಂದೊಂದಕ್ಕೂ ಕಡ್ಡಿ ಅದ್ದಿ ಬರೆದಳು. ಕೊನೆಯ ಅಂಕಿಯವರೆಗೂ ನಾನು ಗಮನಿಸಲಿಲ್ಲ. ಅವಳ ಕೈಯಲ್ಲಿದ್ದದ್ದು ಸೀಮೆಸುಣ್ಣವಲ್ಲ, ಬಾಗಿಲಿಗೆ ಹಚ್ಚಿ ಉಳಿದ ಹಸಿರು ಪೇಂಟು.